ನಡುಮೈದಾನದ ಹುಲ್ಲು

ಬೆಳಗ್ಗೆ ಎದ್ದು ಮುಖ ತೊಳೆದ ಮೇಲೆ, ಬಾಯಿಗೆ ಒಂದು ಗುಟುಕು ನೀರೂ ಹಾಕಿಕೊಳ್ಳುವ ಮುಂಚೆ, ಅವರು ಮೈದಾನದ ಶೆಡ್ಡಿನ ಬೀಗ ತೆಗೆಯುತ್ತಾರೆ. ಗೋಡೆಯ ಮೊಳೆಗೆ ನೇತುಹಾಕಿದ ಬಲೆಚೀಲದಿಂದ ಹಳೆಯ ಚೆಂಡೊಂದನ್ನು ತೆಗೆದು ಕಂಕುಳಲ್ಲಿ ಇರುಕಿಕೊಳ್ಳುತ್ತಾರೆ. ಚಪ್ಪಲಿಯನ್ನು ಸುಣ್ಣದ ಗೆರೆಯ ಆಚೆಗೇ ಬಿಟ್ಟು, ಬರಿಗಾಲಲ್ಲಿ ನಟ್ಟನಡುವೆ ಹೋಗಿ ನಿಲ್ಲುತ್ತಾರೆ. ಚೆಂಡನ್ನು ಎದೆಮಟ್ಟಕ್ಕೆ ಎತ್ತಿ, ಎಸೆಯದೆ, ಒತ್ತದೆ, ಸುಮ್ಮನೆ ಕೈಬಿಟ್ಟು ಅದು ಎಷ್ಟು ಏಳುತ್ತದೆಂದು ನೋಡುತ್ತಾರೆ. ಪಂದ್ಯವಿರಲಿ, ಇಲ್ಲದಿರಲಿ, ಮೈಯಲ್ಲಿ ಜ್ವರವಿರಲಿ, ಮನೆ ತುಂಬ ನೆಂಟರಿರಲಿ, ಇದು ತಪ್ಪುವುದಿಲ್ಲ. ಮಗಳ ಮದುವೆಯ ದಿನವೂ ಹೊಸ ಬಟ್ಟೆಯನ್ನು ಮೊಣಕಾಲಿಗೆ ಎತ್ತಿ ಹಿಡಿದುಕೊಂಡು ಹೋಗಿಬಂದರೆಂದು ಹೆಂಡತಿ ಇಂದಿಗೂ ಹೇಳಿ ನಗುತ್ತಾರೆ.

ಚೆಂಡು ಮೊಣಕಾಲಿನವರೆಗೆ ಎದ್ದರೆ ನೆಲ ಗಟ್ಟಿಯಿದೆ, ಆಡಬಹುದು. ಪಾದದ ಹತ್ತಿರವೇ ಕೂತುಬಿಟ್ಟರೆ ಒಳಗೆ ನೀರು ನಿಂತಿದೆ. ಆಡಿದರೆ ಹುಲ್ಲು ಬೇರುಸಮೇತ ಕಿತ್ತುಬರುತ್ತದೆ. ಎರಡರ ನಡುವೆ ಎದ್ದು ಬಿದ್ದರೆ ಅದು ನೋಡುವವನ ಮನಸ್ಸಿಗೆ ಬಿಟ್ಟದ್ದು. ತೊಂದರೆಯೆಲ್ಲ ಆ ನಡುವಿನದೇ.

ಈಗ ಅವರು ಕ್ಲಬ್ಬಿನ ಮೈದಾನ ನೋಡಿಕೊಳ್ಳುವವರು. ಮೊಣಕಾಲು ಕೈಕೊಡುವವರೆಗೆ ಸಂಬಳಕ್ಕೆ ಫುಟ್‌ಬಾಲ್ ಆಡಿದವರು. ನಡುಮೈದಾನದ ಆಟಗಾರ. ಗೋಲು ಹೊಡೆಯುವವನನ್ನು ಊರು ಹೆಗಲ ಮೇಲೆ ಹೊರುತ್ತದೆ, ಗೋಲು ತಡೆಯುವವನಿಗೂ ಒಂದು ಚಪ್ಪಾಳೆ ಬೀಳುತ್ತದೆ. ನಡುವಿನವನು ಹಿಂದಿನವರಿಂದ ಚೆಂಡು ತೆಗೆದುಕೊಂಡು ಮುಂದಿನವರಿಗೆ ಕೊಡುತ್ತಾನೆ; ಆಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಚೆಂಡು ಕಾಲಿಗೆ ಬರುವ ಮುಂಚೆಯೇ ಅವನು ಭುಜದ ಮೇಲಿಂದ ಒಮ್ಮೆ ಹಿಂದೆ ನೋಡಿಕೊಂಡಿರಬೇಕು, ಯಾರಿದ್ದಾರೆ, ಎಲ್ಲಿ ಜಾಗವಿದೆ ಎಂದು. ಆ ಅಭ್ಯಾಸ ಇನ್ನೂ ಹೋಗಿಲ್ಲ. ಹೆಂಡತಿ ಬಿಸಿ ಪಾತ್ರೆ ಕೊಡಲು ಬಂದರೂ ಮೊದಲು ಹಿಂದೆ ತಿರುಗಿ ನೋಡಿಯೇ ಕೈ ಚಾಚುತ್ತಾರೆ. "ಅಲ್ಲಿ ಯಾರೂ ಇಲ್ಲ, ಗೋಡೆ ಇದೆ, ಹಿಡ್ಕೊಳ್ಳಿ," ಎನ್ನುತ್ತಾರೆ ಹೆಂಡತಿ. ಹೆಂಡತಿ ದರ್ಜಿ ಕೆಲಸದವರು, ನಾನು ಅವರಲ್ಲಿ ಬಟ್ಟೆ ಹೊಲಿಸುತ್ತೇನೆ. ಈ ಕಥೆಯ ಬಹುಪಾಲು ನನ್ನ ಕಿವಿಗೆ ಬಿದ್ದದ್ದು ಹೊಲಿಗೆ ಯಂತ್ರದ ಸದ್ದಿನ ನಡುವೆ.

ಅವರು ಹುಟ್ಟಿದ್ದೇ ಆ ಮೈದಾನದ ಹಿಂಗೋಡೆಗೆ ಅಂಟಿಕೊಂಡ ಎರಡು ಕೋಣೆಯ ಮನೆಯಲ್ಲಿ. ಆಗ ಅವರ ಅಪ್ಪ ಮೈದಾನದ ಕೆಲಸದಲ್ಲಿದ್ದರು. ಅಡುಗೆಮನೆಯ ಕಿಟಕಿ ತೆರೆದರೆ ಗೋಲುಕಂಬದ ಬಲೆ ಕಾಣುತ್ತಿತ್ತು. ಅಷ್ಟು ಹತ್ತಿರವಿದ್ದರೂ ಹುಡುಗ ಆ ಹುಲ್ಲಿನ ಮೇಲೆ ಕಾಲಿಡುವಂತಿರಲಿಲ್ಲ. ಮಕ್ಕಳ ಅಭ್ಯಾಸವೆಲ್ಲ ಹಿಂದಿನ ಮಣ್ಣಿನ ಬಯಲಲ್ಲಿ. ಮಗನೆಂದು ಅಪ್ಪ ರಿಯಾಯಿತಿ ತೋರಿಸಿದವರಲ್ಲ. ನೀನು ದೊಡ್ಡ ತಂಡಕ್ಕೆ ಬಂದ ದಿನ ನಾನೇ ಗೇಟು ತೆಗೀತೀನಿ, ಅಲ್ಲಿವರೆಗೆ ಗೆರೆಯಿಂದ ಆಚೆ, ಎನ್ನುತ್ತಿದ್ದರಂತೆ. ಹುಡುಗ ಗೆರೆಗೆ ಹೆಬ್ಬೆರಳು ತಾಗಿಸಿಕೊಂಡು ನಿಂತು, ಅಪ್ಪ ಹುಲ್ಲು ಕೊಯ್ಯುವ ಯಂತ್ರ ತಳ್ಳುತ್ತ ಹೋಗಿ ಬರುವುದನ್ನು ನೋಡುತ್ತಿದ್ದ. ಕತ್ತರಿಸಿದ ಹುಲ್ಲಿನ ವಾಸನೆ ಆ ಮನೆಯ ಹಾಸಿಗೆ, ಟವೆಲು, ಅಮ್ಮನ ಸೆರಗು ಎಲ್ಲದರಲ್ಲೂ ಇರುತ್ತಿತ್ತು.

ಮೀಸೆ ಸರಿಯಾಗಿ ಮೂಡುವ ಮುಂಚೆಯೇ ಕ್ಲಬ್ಬು ಅವರನ್ನು ಸಂಬಳದ ಆಟಗಾರನೆಂದು ತೆಗೆದುಕೊಂಡಿತು. ಅಮ್ಮ ದೇವರ ಮುಂದೆ ದೀಪ ಹಚ್ಚಿ ತುಂಬ ಹೊತ್ತು ಕೂತಿದ್ದರು. ಆದರೆ ನಡುಮೈದಾನದಲ್ಲಿ ಆಗಲೇ ಕ್ಯಾಪ್ಟನ್ ಇದ್ದ. ಒಳ್ಳೆಯ ಆಟಗಾರ, ಊರಿಗೆ ಅಚ್ಚುಮೆಚ್ಚು, ಅವನಿಗೆ ನೆಗಡಿಯೂ ಬರುತ್ತಿರಲಿಲ್ಲ. ಒಂದು ಜಾಗಕ್ಕೆ ಇಬ್ಬರೇಕೆ ಎಂದು ಕೋಚ್ ಇವರನ್ನು ಬೇರೆ ಊರಿನ ಕ್ಲಬ್ಬಿಗೆ ಒಂದು ವರ್ಷದ ಮಟ್ಟಿಗೆ ಎರವಲು ಕೊಟ್ಟರು. ಮರುವರ್ಷ ಇನ್ನೊಂದು ಊರಿಗೆ. ಅದರ ಮರುವರ್ಷ ಮತ್ತೊಂದು. ಹೀಗೇ ಹೋಯಿತು. ಕ್ಲಬ್ಬಿನಲ್ಲಿ ಇವರ ವಾರಿಗೆಯವನೇ ಆದ ಮುಂಚೂಣಿ ಆಟಗಾರನೊಬ್ಬನಿದ್ದ. ಎಡಗಾಲಲ್ಲಿ ಹೊಡೆಯುತ್ತಿದ್ದುದರಿಂದ ಎಲ್ಲರಿಗೂ ಅವನು ಎಡಚ. ಇವರಿಗೆ ಬಾಡಿಗೆ ಸೈಕಲ್ ಎಂದು ಹೆಸರಿಟ್ಟದ್ದು ಅವನೇ. ಎಲ್ಲರೂ ತುಳೀತಾರೆ, ಎಣ್ಣೆ ಬಿಡೋರು ಮಾತ್ರ ಯಾರೂ ಇಲ್ಲ, ಎಂದನಂತೆ. ಬರಬರುತ್ತ ಬಾಡಿಗೆ ಬಿದ್ದುಹೋಗಿ ಸೈಕಲ್ ಉಳಿಯಿತು.

ಎರವಲಿನ ಊರುಗಳು ಅವರಿಗೆ ನೆನಪಿರುವುದು ನೆಲದಿಂದ. ಒಂದು ಕಡೆ ಮರಳು ಮಿಶ್ರಿತ ನೆಲ, ಬಿದ್ದರೆ ತೊಡೆ ತರಚುತ್ತಿತ್ತು. ಇನ್ನೊಂದು ಕಡೆ ಮೈದಾನವೇ ಓರೆ. ಅರ್ಧ ಆಟ ಏರು ಹತ್ತಬೇಕು, ಅರ್ಧ ಆಟ ಇಳಿಜಾರಲ್ಲಿ ತಡೆದುಕೊಳ್ಳಬೇಕು. ಮತ್ತೊಂದು ಊರಲ್ಲಿ ಹೊಲಿಗೆ ಅಂಗಡಿಯ ಮೇಲಿನ ಕೋಣೆ ಬಾಡಿಗೆಗೆ ಸಿಕ್ಕಿತು. ಕೆಳಗೆ ದರ್ಜಿಯ ಮಗಳು ಯಂತ್ರ ತುಳಿಯುತ್ತಿದ್ದರೆ ಮೇಲೆ ಮಂಚ ಸಣ್ಣಗೆ ನಡುಗುತ್ತಿತ್ತು. ಆ ವರ್ಷ ಇವರ ಅಂಗಿಗಳು ಆಟದಲ್ಲಿ ಹರಿಯಬೇಕಾದ್ದಕ್ಕಿಂತ ಹೆಚ್ಚು ಹರಿದವು. "ಮೊದಮೊದಲು ಅಯ್ಯೋ ಪಾಪ ಅಂತ ಹೊಲಿದೆ," ಎನ್ನುತ್ತಾರೆ ಹೆಂಡತಿ. "ಆಮೇಲೆ ನೋಡಿದ್ರೆ ಕತ್ತರೀಲಿ ಹರಿದಿದ್ದು. ಬಟ್ಟೆ ಗೊತ್ತಿರೋಳಿಗೆ ಅಷ್ಟೂ ಗೊತ್ತಾಗಲ್ವಾ?"

ವಾರಕ್ಕೊಮ್ಮೆ ಮನೆಗೆ ಫೋನು. ಅಮ್ಮ ಊಟ, ನಿದ್ದೆ, ಕಾಲುನೋವು ಎಲ್ಲ ಕೇಳಿ ಮುಗಿಸಿದ ಮೇಲೆ ಅಪ್ಪ ಫೋನು ತೆಗೆದುಕೊಳ್ಳುತ್ತಿದ್ದರು. ತಂದೆ ಮಗ ಇಬ್ಬರಿಗೂ ಮಾತು ಕಡಿಮೆ. ಮೈದಾನದ ನಡು ಹೇಗಿದೆ ಎಂದು ಮಗ ಕೇಳುವುದು, ಈ ಸಲ ದಟ್ಟವಾಗಿದೆ ಎಂದೋ, ಗೋಲುಕಂಬದ ಮುಂದೆ ಬೋಳಾಗಿದೆ ಎಂದೋ ಅಪ್ಪ ಹೇಳುವುದು. ಅಲ್ಲಿಗೆ ಫೋನು ಇಟ್ಟುಬಿಡುತ್ತಿದ್ದರು. ಕೋಣೆಗೆ ಹೋಗಿ ಮಲಗಿದರೆ ಆ ಹುಲ್ಲು ಕಣ್ಣಮುಂದೆ ಬರುತ್ತಿತ್ತು. ದೊಡ್ಡ ಕ್ಲಬ್ಬಿಗೆ ಹೋಗಬೇಕು, ಹೆಸರು ಮಾಡಬೇಕು ಎಂದೇನೂ ಅವರು ಆಸೆಪಟ್ಟವರಲ್ಲ. ಮನೆಯ ಕ್ಲಬ್ಬಿನ ಅಂಗಿ ತೊಟ್ಟು, ಅಪ್ಪ ಬೆಳೆಸಿದ ಹುಲ್ಲಿನ ಮೇಲೆ, ಅಮ್ಮನ ಕಿಟಕಿಗೆ ಕಾಣುವಂತೆ ಒಂದು ಪಂದ್ಯ. ಅಷ್ಟೇ ಬೇಕಾಗಿದ್ದದ್ದು.

ಎದುರಾಳಿಯಾಗಿಯಾದರೂ ಬಂದು ಆಡಬಹುದಿತ್ತಲ್ಲ ಎಂದು ನಾನೊಮ್ಮೆ ಕೇಳಿದೆ. ಅದಕ್ಕೂ ನಿಯಮ ಬಿಡುವುದಿಲ್ಲವಂತೆ. ಎರವಲು ಹೋದವನು ತನ್ನನ್ನು ಕೊಟ್ಟ ಕ್ಲಬ್ಬಿನ ವಿರುದ್ಧ ಆಡುವಂತಿಲ್ಲ. ಹಾಗಾಗಿ ಅವರ ತಂಡ ಈ ಊರಿಗೆ ಆಡಲು ಬಂದಾಗಲೆಲ್ಲ ಅವರು ಇಸ್ತ್ರಿ ಅಂಗಿ ಹಾಕಿಕೊಂಡು ಅಮ್ಮನ ಪಕ್ಕ ಪ್ರೇಕ್ಷಕರ ಮೆಟ್ಟಿಲ ಮೇಲೆ ಕೂರಬೇಕಿತ್ತು. ಆ ದಿನಗಳಲ್ಲಿ ಅಮ್ಮ ಮಗನ ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡಿರುತ್ತಿದ್ದರು, ಇಲ್ಲದಿದ್ದರೆ ಆ ಕಾಲು ಕೂತಲ್ಲೇ ಆಡುತ್ತಿತ್ತು. ಬೇಸಗೆಯ ರಜೆಗೆ ಊರಿಗೆ ಬಂದರೆ ಮೈದಾನಕ್ಕೆ ಆಗಷ್ಟೇ ಬೀಜ ಹಾಕಿ ಸುತ್ತ ಹಗ್ಗ ಕಟ್ಟಿರುತ್ತಿತ್ತು.

ಕೊನೆಗೊಮ್ಮೆ ಕರೆ ಬಂತು. ಮೈದಾನದಲ್ಲಿ ಯಾರಿಗೂ ಸಿಗದ ಕ್ಯಾಪ್ಟನ್ನಿನ ಕಾಲು ಮನೆಯ ಬಚ್ಚಲಲ್ಲಿ ಜಾರಿತು. ಹೆಬ್ಬೆರಳು ಮುರಿದಿತ್ತು. ಕ್ಲಬ್ಬಿನ ಕಾರ್ಯದರ್ಶಿ ಫೋನು ಮಾಡಿ, ಕೂಡಲೇ ಹೊರಟು ಬಾ, ಭಾನುವಾರ ನಡುವಿನಲ್ಲಿ ನೀನೇ ಎಂದರು. ಹೊಸದಾಗಿ ಮದುವೆಯಾಗಿದ್ದ ಹೆಂಡತಿಯನ್ನೂ ಕರೆದುಕೊಂಡು ಬಸ್ಸು ಹತ್ತಿ ಬಂದರು. ಕ್ಲಬ್ಬು ಕೊಟ್ಟ ಅಂಗಿ ಕ್ಯಾಪ್ಟನ್ನಿನ ಅಳತೆಯದು, ದೊಗಲೆ. ಹೆಂಡತಿ ಬದಿಗಳನ್ನು ಒಳಗೆ ಹಿಡಿದು ಹೊಲಿದರು. ಅಮ್ಮ ಅದಕ್ಕೆ ಇಸ್ತ್ರಿ ಹಾಕಿ ಕುರ್ಚಿಯ ಬೆನ್ನಿಗೆ ತೊಡಿಸಿದರು. ಅತ್ತೆ ಸೊಸೆ ಇಬ್ಬರೂ ಆ ಕುರ್ಚಿಯ ಸುತ್ತ ಬಳಸಿಕೊಂಡು ಓಡಾಡಿದರು, ಅದರಲ್ಲಿ ಯಾರೋ ಕೂತಿರುವ ಹಾಗೆ.

ಶನಿವಾರ ಇಡೀ ಮಳೆ. ಅಪ್ಪ ಟಾರ್ಪಾಲು ಎಳೆದು ನಡುವನ್ನು ಆದಷ್ಟು ಮುಚ್ಚಿದರು. ಮಗನೂ ಒಂದು ತುದಿ ಹಿಡಿಯಲು ಹೋದರೆ, ನಾಳೆ ಆಡೋನು ನೀನು, ಶೀತ ಮಾಡ್ಕೋಬೇಡ ಎಂದು ಒಳಗೆ ಕಳಿಸಿದರು. ಭಾನುವಾರ ಬೆಳಗ್ಗೆ ಮಳೆ ನಿಂತಿತ್ತು. ಎದುರು ತಂಡ ದೂರದಿಂದ ಬರಬೇಕಾದ್ದರಿಂದ, ಆಟವುಂಟೋ ಇಲ್ಲವೋ ಎಂದು ಬೆಳಗ್ಗೆಯೇ ಮೈದಾನದವರು ಹೇಳಬೇಕು, ಕಾರ್ಯದರ್ಶಿ ಅದನ್ನು ಫೋನಿನಲ್ಲಿ ತಿಳಿಸಬೇಕು. ಅದು ಆ ಕ್ಲಬ್ಬುಗಳ ನಡುವಿನ ಪದ್ಧತಿ. ಅಪ್ಪ ಚೆಂಡು ತೆಗೆದುಕೊಂಡು ಹೋದರು. ಮಗ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿದರು. ಅಪ್ಪ ಒಮ್ಮೆ ಚೆಂಡು ಬಿಟ್ಟರು. ಸ್ವಲ್ಪ ಹೊತ್ತು ಹಾಗೇ ನಿಂತರು. ಆಮೇಲೆ ನಾಲ್ಕು ಹೆಜ್ಜೆ ಆಚೆ ಹೋಗಿ ಮತ್ತೆ ಬಿಟ್ಟರು. ಬಗ್ಗಿ ಚೆಂಡು ಎತ್ತಿಕೊಂಡು, ತಲೆ ತಗ್ಗಿಸಿಯೇ ಬಂದರು.

"ಆಗಲ್ಲ," ಎಂದರು.

"ಎಷ್ಟು ಎದ್ದಿತು?"

"ಎದ್ದಿದ್ದು ಸಾಲದು."

ಪಂದ್ಯ ಮುಂದಕ್ಕೆ ಹೋಯಿತು. ಅದು ಮತ್ತೆ ನಡೆಯುವ ಹೊತ್ತಿಗೆ ಕ್ಯಾಪ್ಟನ್ನಿನ ಬೆರಳು ಕೂಡಿಕೊಂಡಿತ್ತು, ಸೈಕಲ್ ಎರವಲಿನ ಊರಿಗೆ ವಾಪಸ್ಸಾಗಿತ್ತು. ಹೆಂಡತಿ ಅಂಗಿಯ ಹೊಲಿಗೆ ಬಿಚ್ಚಿ ಮೊದಲಿನ ಅಳತೆಗೆ ತಂದು ಕ್ಲಬ್ಬಿಗೆ ಕೊಟ್ಟರು. ಅಮ್ಮ ಮಾತ್ರ ಸುಮ್ಮನಿರಲಿಲ್ಲ. ಜೋರುಮಾಡುವವರಲ್ಲ ಅವರು; ಅಪ್ಪನ ತಟ್ಟೆಗೆ ಬಡಿಸುತ್ತ, ಅಪ್ಪನ ಮುಖ ನೋಡದೆ ಕೇಳಿದರಂತೆ.

"ನೆಲದ ಮೇಲೆ ಇಟ್ಟಿರೋ ಕರುಣೆ ಮಗನ ಮೇಲೆ ಇಡಬಾರದಿತ್ತಾ?"

ಅಪ್ಪ ತಟ್ಟೆ ಖಾಲಿ ಮಾಡಿ, ತಾವೇ ತೊಳೆದು ಬೋರಲು ಹಾಕಿ ಎದ್ದುಹೋದರು. ಅಂದಿನಿಂದ ಫೋನಿನಲ್ಲಿ ನಡು ಹೇಗಿದೆ ಎಂದು ಮಗ ಕೇಳುವುದು ನಿಂತಿತು.

ಆಮೇಲೆ ಕರೆ ಬರಲಿಲ್ಲ. ಕ್ಲಬ್ಬು ಅವರನ್ನು ಬಿಟ್ಟುಕೊಟ್ಟಿತು. ಕೆಳಗಿನ ದರ್ಜೆಯ ಸಣ್ಣ ಕ್ಲಬ್ಬುಗಳಲ್ಲಿ ಒಂದಷ್ಟು ಕಾಲ ಆಡಿದರು. ಅವು ಈ ಮೈದಾನಕ್ಕೆ ಎಂದೂ ಬರುವಂಥವಲ್ಲ. ಮೊಣಕಾಲು ಕೈಕೊಟ್ಟಾಗ ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಆ ಎರಡು ಕೋಣೆಯ ಮನೆಗೇ ಮರಳಿದರು. ಆ ಹೊತ್ತಿಗೆ ಅಮ್ಮ ಇರಲಿಲ್ಲ. ಅಪ್ಪನ ಬೆನ್ನು ಬಾಗಿತ್ತು, ಯಂತ್ರ ತಳ್ಳಲು ಆಗುತ್ತಿರಲಿಲ್ಲ. ಮಗ ಯಂತ್ರದ ಹಿಡಿ ತೆಗೆದುಕೊಂಡರು. ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟರು. ಗೆರೆಯ ಒಳಗೆ ಅವರು ಮೊದಲ ಸಲ ಕಾಲಿಟ್ಟದ್ದು ಆಗಲೇ, ಅದೂ ಬರಿಗಾಲಲ್ಲಿ, ಕೆಲಸದವರಾಗಿ.

ಒಂದು ದಿನ ಶೆಡ್ಡಿನಲ್ಲಿ ಇಬ್ಬರೂ ಕೂತು ಯಂತ್ರದ ಬ್ಲೇಡಿಗೆ ಅರ ಹಾಕುತ್ತಿದ್ದರು. ಅಪ್ಪ ಇದ್ದಕ್ಕಿದ್ದಂತೆ ಮಾತು ತೆಗೆದರು.

"ಅವತ್ತು ಚೆಂಡು ಅಷ್ಟೇನೂ ಕೂತಿರಲಿಲ್ಲ ಕಣೋ."

"ಯಾವತ್ತು?" ಎಂದರು ಮಗ, ಯಾವತ್ತೆಂದು ಗೊತ್ತಿದ್ದೂ.

"ಅರ್ಧಕ್ಕೆ ಎದ್ದಿತ್ತು. ಬೇರೆ ಯಾರದೋ ಮಗ ಆಡೋದಿದ್ದಿದ್ರೆ, ಆಡ್ಲಿ ಬಿಡು ಅಂತಿದ್ನೋ ಏನೋ. ನೀನು ಆಡೋದು ನೋಡ್ಬೇಕು ಅಂತ ಎಷ್ಟು ಆಸೆ ಇತ್ತು ಅಂದ್ರೆ, ನನ್ನ ಕಣ್ಣನ್ನ ನಾನೇ ನಂಬಲಿಲ್ಲ. ಆಸೆ ಕಣ್ಣಿಂದ ಸುಳ್ಳು ಹೇಳಿಸ್ತಿದೆ ಅಂದ್ಕೊಂಡೆ. ಅದಕ್ಕೇ ನೀರು ನಿಲ್ಲೋ ತಗ್ಗಿನ ಕಡೆ ಹೋಗಿ ಇನ್ನೊಂದ್ಸಲ ಬಿಟ್ಟೆ."

ಮಗ ಬ್ಲೇಡಿನ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ಆಮೇಲೆ, "ಸಾಕು ಬಿಡಪ್ಪ, ಇನ್ನೂ ಉಜ್ಜಿದ್ರೆ ಬ್ಲೇಡು ತೆಳ್ಳಗಾಗುತ್ತೆ," ಎಂದರು. ಅಪ್ಪ ಹೋದದ್ದು ಅದಾದ ಮುಂದಿನ ಚಳಿಗಾಲದಲ್ಲಿ. ಅಪ್ಪ ಬೇಡವೆಂದದ್ದನ್ನು ಅವರು ಅಷ್ಟು ವರ್ಷ ಹೇಗೋ ನುಂಗಿಕೊಂಡಿದ್ದರು. ಅಪ್ಪನಿಗೂ ಅಷ್ಟೇ ಆಸೆಯಿತ್ತೆಂದು ಗೊತ್ತಾದ ಮೇಲೆ ಅದು ಗಂಟಲಲ್ಲೇ ನಿಂತಿತು. ಹೆಂಡತಿ ಇದನ್ನು ಹೇಳುವಾಗ ಯಂತ್ರ ತುಳಿಯುವುದನ್ನು ನಿಲ್ಲಿಸಿದ್ದರು.

ಹೋದ ವರ್ಷ ಕ್ಲಬ್ಬಿನ ಹುಟ್ಟುಹಬ್ಬಕ್ಕೆಂದು ಹಳೆಯ ಆಟಗಾರರ ಪಂದ್ಯ ಇಟ್ಟುಕೊಂಡರು. ಎಡಚ ಈಗ ಕ್ಲಬ್ಬಿನ ಸಮಿತಿಯಲ್ಲಿದ್ದಾನೆ, ಹೊಟ್ಟೆ ಬಂದಿದೆ. ಮನೆಗೇ ಬಂದು ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನಲ್ಲಿ ಕೂತು, ನಡುವಿನಲ್ಲಿ ನೀನೇ ಕಣೋ, ಮೊದಲಿಂದ ಕೊನೆತನಕ, ಎಂದ. ಕ್ಯಾಪ್ಟನ್? ಅವನಿಗೆ ಈಗ ಎರಡೂ ಸೊಂಟ ಹೊಸವು, ಅವನು ಕೂತು ನೋಡುತ್ತಾನೆ. ಇವರು ಮರುದಿನದಿಂದ ಹಿಂದಿನ ಮಣ್ಣಿನ ಬಯಲಲ್ಲಿ ನಿಧಾನವಾಗಿ ಓಡತೊಡಗಿದರು. ಬೂಟು ಹೊರಗೆ ಬಂತು, ಎಣ್ಣೆ ಕುಡಿಯಿತು. ಅಂಗಿ ಈ ಸಲವೂ ಹೆಂಡತಿಯ ಕೈಗೆ ಬಂತು, ಈ ಸಲ ಬದಿಗಳನ್ನು ಬಿಡಿಸಬೇಕಾಯಿತು. "ಆವತ್ತು ಒಳಗೆ ಹಿಡಿದಿದ್ದನ್ನ ಇವತ್ತು ಬಡ್ಡಿ ಸಮೇತ ಬಿಡಿಸ್ತಿದೀನಿ," ಎಂದರಂತೆ ಹೆಂಡತಿ. ಅವರೂ ನಕ್ಕರಂತೆ. ಆ ಮನೆಯಲ್ಲಿ ಅಷ್ಟು ನಗು ಕೇಳಿ ತುಂಬ ಕಾಲವಾಗಿತ್ತು.

ಪಂದ್ಯದ ಹಿಂದಿನ ಎರಡು ದಿನ ಮಳೆ ಹಿಡಿಯಿತು. ಮುಂದಿನ ವಾರ ಈಗಿನ ತಂಡಕ್ಕೆ ದೊಡ್ಡ ಪಂದ್ಯವಿತ್ತು, ಅದರಲ್ಲಿ ಸೋತರೆ ಕೆಳಗಿನ ದರ್ಜೆಗೆ ಇಳಿಯಬೇಕು. ನಡು ಕೆಟ್ಟುಹೋದರೆ ಅವರಿಗೇ ಕಷ್ಟ.

ಆ ಬೆಳಗ್ಗೆ ಅವರು ಚಪ್ಪಲಿ ಬಿಟ್ಟು ಒಳಗೆ ಹೋದರು. ಹೆಂಡತಿ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದರು. ಚೆಂಡು ಬಿಟ್ಟರು. ಅದು ಮೊಣಕಾಲಿಗೂ ಬರಲಿಲ್ಲ, ಪಾದದಲ್ಲೂ ನಿಲ್ಲಲಿಲ್ಲ. ಅರ್ಧಕ್ಕೆ ಎದ್ದು ಬಿತ್ತು. ಕಣ್ಣು ಆಡಬಹುದು ಎಂದಿತು. ಹೇಳುತ್ತಿರುವುದು ಕಣ್ಣೋ ಆಸೆಯೋ ಎಂದು ಅವರಿಗೇ ತಿಳಿಯಲಿಲ್ಲ. ಅಪ್ಪ ಇದೇ ಜಾಗದಲ್ಲಿ ಇದೇ ಮಾತನ್ನು ಕೇಳಿಕೊಂಡು, ಆಸೆಗೆ ಹೆದರಿ, ತಗ್ಗಿನ ಕಡೆ ನಡೆದಿದ್ದರು. ಹೆದರಿ ಬೇಡವೆನ್ನುವುದೂ ನೆಲಕ್ಕೆ ನ್ಯಾಯವಲ್ಲ. ಈ ಊರಿಂದಲೂ ಎದುರು ತಂಡದ ಊರಿಂದಲೂ ಹಳೆಯ ಮೈಗಳೆಲ್ಲ ಪಟ್ಟಿ ಕಟ್ಟಿಕೊಂಡು, ಮೊಮ್ಮಕ್ಕಳನ್ನು ಕರೆದುಕೊಂಡು ಹೊರಟಿರುತ್ತವೆ.

ಅವರು ತುಂಬ ಹೊತ್ತು ನಿಂತಿದ್ದರು, ತಲೆ ಬಾಗಿಸಿ, ಎರಡೂ ಕೈಯಲ್ಲಿ ಚೆಂಡು ಹಿಡಿದುಕೊಂಡು. ದೂರದಿಂದ ನೋಡಿದವರಿಗೆ ಪ್ರಾರ್ಥನೆಯೆಂದೇ ಅನ್ನಿಸಬೇಕು. ಬೇಡಿಕೊಳ್ಳುವುದು ಎಲ್ಲರಿಗೂ ಬರುತ್ತದೆ. ಬೇಡಿದ್ದನ್ನು ಕೆಳಗಿಟ್ಟು ಕೈ ಮುಗಿಯುವುದು ಕೆಲವರಿಗಷ್ಟೇ. ನಾನು ಆಡುವುದಿಲ್ಲ ಎಂದು ಅವರು ಮೊದಲು ತೀರ್ಮಾನಿಸಿದರಂತೆ. ಆ ಮಾತು ಒಳಗೆ ಪೂರ್ತಿ ಇಳಿಯುವವರೆಗೆ ಕಾದರಂತೆ. ಆಮೇಲೆ, ಅದೇ ಜಾಗದಲ್ಲಿ ಚೆಂಡನ್ನು ಮತ್ತೆ ಕೈಬಿಟ್ಟರು. ಅದು ಮೊದಲಿನಷ್ಟೇ ಎದ್ದಿತು. ಆಸೆ ಕೆಳಗಿಟ್ಟ ಕಣ್ಣು ಈಗಲೂ ಆಡಬಹುದು ಎಂದಿತು. ಗಾಳಿ ಬೀಸುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಇನ್ನಷ್ಟು ಆರುತ್ತದೆ; ಆಡುವವರಿಗೂ ವಯಸ್ಸಾಗಿದೆ, ಓಟಕ್ಕಿಂತ ಏದುಸಿರೇ ಹೆಚ್ಚು. ಕಿತ್ತುಹೋದದ್ದನ್ನು ಕೂಡಲೇ ಕೂರಿಸಿದರೆ ವಾರದೊಳಗೆ ಹಿಡಿದುಕೊಳ್ಳುತ್ತದೆ.

ಮನೆಗೆ ಬಂದು, ಆಡಬಹುದು ಎಂದು ಕಾರ್ಯದರ್ಶಿಗೆ ಹೇಳಿದರು. ಅಂಗಿಯನ್ನು ಬೇರೆಯವರಿಗೆ ಕೊಟ್ಟುಬಿಡಿ ಎಂದೂ ಹೇಳಿದರು. ಹೆಂಡತಿ ಕಿಟಕಿಯಿಂದ ಎರಡು ಸಲ ಚೆಂಡು ಬಿದ್ದದ್ದನ್ನು ನೋಡಿದ್ದರು. ಆದರೂ ಹೊರಡುವಾಗ ಬೂಟನ್ನು ಚೀಲಕ್ಕೆ ಹಾಕಿಕೊಂಡರು.

ಮಧ್ಯಾಹ್ನ ಜನ ಚೆನ್ನಾಗಿ ಸೇರಿದ್ದರು. ಅವರು ಹುಲ್ಲು ಕೂರಿಸುವ ನಾಲ್ಕು ಹಲ್ಲಿನ ಫೋರ್ಕು ಹಿಡಿದು ಗೆರೆಯ ಹೊರಗೆ ನಿಂತಿದ್ದರು. ಅವರ ಜಾಗದಲ್ಲಿ ಇಳಿದವನು ಒಳ್ಳೆಯವನೇ, ಆದರೆ ಹಿಂದೆ ನೋಡಿಕೊಳ್ಳದೆ ಚೆಂಡು ತೆಗೆದುಕೊಳ್ಳುತ್ತಿದ್ದ. ಅವನಿಗೆ ಚೆಂಡು ಹೋದಾಗಲೆಲ್ಲ ಇವರ ಕತ್ತು ಹೊರಗೆ ನಿಂತಲ್ಲೇ ಭುಜದ ಕಡೆ ತಿರುಗುತ್ತಿತ್ತು. ಅರ್ಧ ಆಟ ಮುಗಿದು ಎಲ್ಲರೂ ನೀರು ಕುಡಿಯಲು ಹೋದಾಗ ಅವರು ಬರಿಗಾಲಲ್ಲಿ ಒಳಗೆ ಹೋಗಿ, ಎದ್ದುಬಂದ ಹುಲ್ಲುಹೆಂಟೆಗಳನ್ನು ಒಂದೊಂದಾಗಿ ಕೂರಿಸಿ ಅಂಗಾಲಿನಿಂದ ಒತ್ತಿದರು. ನಡುವೆ ಸ್ವಲ್ಪ ಹೊತ್ತು ನಿಂತು ಕಿಟಕಿಯ ಕಡೆ ನೋಡಿದರು. ಅಲ್ಲಿ ಯಾರಿದ್ದರು? ಹೆಂಡತಿ ಮೆಟ್ಟಿಲ ಮೇಲೆ ಕೂತಿದ್ದರು, ಮಡಿಲಲ್ಲಿ ಬೂಟಿನ ಚೀಲ ಇಟ್ಟುಕೊಂಡು.

ಆಟ ಮುಗಿಯಲು ಇನ್ನು ಸ್ವಲ್ಪವೇ ಹೊತ್ತಿತ್ತು. ಎಡಚ ಸೊಂಟ ಹಿಡಿದುಕೊಂಡು ಕುಂಟುತ್ತ ಗೆರೆಯ ಹತ್ತಿರ ಬಂದ. ಮುಖ ಕೆಂಪಾಗಿತ್ತು, ಅಂಗಿ ಮೈಗೆ ಅಂಟಿತ್ತು. ಅಂಗಿಯನ್ನು ತಲೆಯಿಂದ ಎಳೆದು ಇವರ ಮುಂದೆ ಹಿಡಿದ.

"ಬಾರೋ ಸೈಕಲ್, ನನ್ನ ಬದಲು ಇಳಿ. ನಡುವಿಗೆ ಹೋಗಿ ನಿಂತ್ಕೋ, ಒಂದೆರಡು ಪಾಸ್ ಕೊಡು, ಸಾಕು. ರೆಫರಿಗೆ ಹೇಳಿದೀನಿ. ಅತ್ತಿಗೆ ಬೂಟೂ ತಂದಿದಾರೆ, ನೋಡಿದೆ."

ಅವರು ಅಂಗಿಯನ್ನು ನೋಡಿದರು. ಹಿಂದೆ ತಿರುಗಿ ಮೆಟ್ಟಿಲ ಕಡೆಗೂ ಒಮ್ಮೆ ನೋಡಿದರು. ಹೆಂಡತಿ ಚೀಲದ ದಾರ ಬಿಚ್ಚಿರಲಿಲ್ಲ, ಕಟ್ಟಿಯೂ ಇರಲಿಲ್ಲ.

"ಬೆಳಗ್ಗೆ ಆಡಬಹುದು ಅಂದೋನು ನಾನು ಕಣೋ," ಎಂದರು.

"ಹೂಂ, ಅಂದೆ. ಆಡಿದ್ವಿ. ನೆಲವೂ ಚೆನ್ನಾಗೇ ಇದೆ. ಅದಕ್ಕೂ ಇದಕ್ಕೂ ಏನು? ನಿನ್ನನ್ನ ಯಾರು ಕೇಳ್ತಾರೆ ಇಲ್ಲಿ?"

"ನಾಳೆ ಬೆಳಗ್ಗೆ ಚೆಂಡು ಬಿಡೋವಾಗ ನಾನೇ ಕೇಳ್ಕೋತೀನಿ, ಹೇಳಿದ್ದು ಕಣ್ಣೋ ಆಸೆನೋ ಅಂತ." ಅವರು ಅಂಗಿಯನ್ನು ತೆಗೆದುಕೊಂಡು, ಒಳಮೇಲಾಗಿದ್ದ ತೋಳುಗಳನ್ನು ಸರಿಮಾಡಿ, ಎಡಚನ ತಲೆಯ ಮೇಲಿಂದ ಮತ್ತೆ ತೊಡಿಸಿದರು. "ನೀನು ಹೋಗು. ನಡುವಿನ ಹತ್ತಿರ ತಿರುಗೋವಾಗ ಕಾಲು ಎತ್ತಿ ತಿರುಗು, ಉಜ್ಜಬೇಡ."